ಚಕ್ರವರ್ತಿಯ ಎದೆಯ ಮೇಲೆ ನಲವತ್ತಾರು ಹಲ್ಲು

ಕೊರೋಚಿಯ ಬಸವಣ್ಣೆಪ್ಪನ ಜೊತೆ ಸಿನಿಮಾಕ್ಕೆ ಹೋಗುವುದೆಂದರೆ ಟಿಕೀಟು ತೆಗೆಸಿ ಜಗಳ ಕೊಂಡುಕೊಂಡಂತೆ. ಇದು ನನ್ನ ಮಾತಲ್ಲ, ಅವನ ಹೆಂಡತಿ ಇಂದುಬಾಯಿಯ ಮಾತು. ಗಂಡನ ಪಕ್ಕದ ಕುರ್ಚಿಯಲ್ಲಿ ಕೂತು ಸಿನಿಮಾ ನೋಡುವುದನ್ನು ಆಕೆ ಬಿಟ್ಟು ಇಪ್ಪತ್ತು ವರ್ಷದ ಮೇಲಾಯಿತು. ಕೊನೆಯ ಸಲ ಹೋದದ್ದು ಪಕ್ಕದ ಮಗ್ಗದೂರು ಇಚಲಕರಂಜಿಯಲ್ಲಿ, ಒಂದು ದೇವರ ಚಿತ್ರಕ್ಕೆ. ಪರದೆಯ ಮೇಲೆ ದೇವರು ಬೆರಳೆತ್ತಿ ಚಕ್ರ ತಿರುಗಿಸಿದ. ಗಂಟೆ, ಶಂಖ, ಮಿಂಚು ಎಲ್ಲಾ ಆಯಿತು. ಮುಂದಿನ ಸಾಲಿನ ಮುದುಕಿಯರು ಚಪ್ಪಲಿ ಬಿಟ್ಟು ಕೈ ಮುಗಿದರು. ಅಷ್ಟರಲ್ಲಿ ನಮ್ಮ ಬಸವಣ್ಣೆಪ್ಪ ಎದ್ದು ನಿಂತ.

"ಏ, ಅದು ಟೇಬಲ್ ಫ್ಯಾನಿನ ಜಾಳಿಗಿ ಐತಲೇ! ನಡುವಿನ ಕಂಪನಿ ಬಿಲ್ಲೇ ಸುದ್ದಾ ತಗದಿಲ್ಲ!"

ಮುಂದಿನ ಸಾಲಿನವರು ಬಿಟ್ಟ ಚಪ್ಪಲಿಗಳಲ್ಲಿ ಒಂದು ಹಾರಿ ಬಂತು. ಅದು ಬಿದ್ದದ್ದು ಇಂದುಬಾಯಿಯ ಭುಜಕ್ಕೆ. ಅಲ್ಲಿಗೆ ಆಕೆಯ ಸಿನಿಮಾ ಮುಗಿಯಿತು.

ತಪ್ಪು ಅವನದಲ್ಲ, ಅವನ ಕಣ್ಣಿನದು. ಕಿರೀಟ ನೋಡಿದರೆ ನಿಮಗೂ ನನಗೂ ರಾಜ ಕಾಣುತ್ತಾನೆ. ಇವನಿಗೆ ಕಿರೀಟದ ತುದಿಯಲ್ಲಿ ಕುಳಿತ ಸೀಮೆಎಣ್ಣೆ ಸ್ಟೋವಿನ ಬರ್ನರ್ ಕಾಣುತ್ತದೆ. ಬೇರೆ ಗ್ರಹದಿಂದ ಇಳಿದ ರಾಕ್ಷಸನ ಎದೆಯಲ್ಲಿ ಕೆಂಪು ದೀಪ ಹತ್ತಿ ಆರುತ್ತಿದ್ದರೆ ಮಕ್ಕಳು ತಾಯಿಯ ಸೆರಗಿನಲ್ಲಿ ಮುಖ ಹುದುಗಿಸುತ್ತವೆ. ಇವನು "ಬಸ್ಸಿನ ಹಿಂದಿನ ಇಂಡಿಕೇಟರು, ಎಡಗಡಿದು" ಎಂದು ಎಡಬಲ ಸಮೇತ ಹೇಳಿಬಿಡುತ್ತಾನೆ. ರಾಣಿಯ ಕೊರಳಿನ ಹಾರ ಬಚ್ಚಲಿನ ಸರಪಳಿ, ಋಷಿಯ ಕಮಂಡಲು ಹಾಲಿನ ಅಳತೆಯ ಪಾತ್ರೆ. ಹೀಗೆ ಎಲ್ಲಾ ಬಿಚ್ಚಿ ಬಿಚ್ಚಿ ಇಟ್ಟಮೇಲೆ ನೋಡುವುದಕ್ಕೆ ಉಳಿಯುವುದಾದರೂ ಏನು, ನೀವೇ ಹೇಳಿ. ಊರವರು ಅವನಿಗೆ 'ಪಾರ್ಟ್‌ಅಪ್ಪ' ಎಂದು ಹೆಸರಿಟ್ಟರು. ಅದಕ್ಕೂ ಮೊದಲು ಇನ್ನೊಂದು ಹೆಸರಿತ್ತು. ಆ ಹೆಸರಿನ ಕಥೆಯನ್ನೇ ನಾನು ಹೇಳಹೊರಟದ್ದು.

ಬಸವಣ್ಣೆಪ್ಪ ಜಾಬರ್. ಮಗ್ಗದ ಊರಿನವರಿಗೆ ಇದನ್ನು ಬಿಡಿಸಿ ಹೇಳುವುದು ಬೇಡ, ಉಳಿದವರಿಗಾಗಿ ಹೇಳುತ್ತೇನೆ. ಪವರ್‌ಲೂಮಿನಲ್ಲಿ ಮಗ್ಗ ನಡೆಸುವವನು ಒಬ್ಬ, ಮಗ್ಗ ಮುನಿಸಿಕೊಂಡು ನಿಂತಾಗ ಅದರ ಹೊಟ್ಟೆಯೊಳಗೆ ಕೈಹಾಕಿ ರಮಿಸುವವನು ಇನ್ನೊಬ್ಬ. ಈ ಎರಡನೆಯವನೇ ಜಾಬರ್. ಹದಿನಾಲ್ಕನೇ ವಯಸ್ಸಿಗೆ ಬಸವಣ್ಣೆಪ್ಪ ಈ ಕೆಲಸಕ್ಕೆ ಸೇರಿದ. ಇಪ್ಪತ್ತೈದಕ್ಕೆಲ್ಲ ಇಚಲಕರಂಜಿಯ ಒಂದು ದೊಡ್ಡ ಶೆಡ್ಡಿನಲ್ಲಿ ಬಿಡಿಭಾಗಗಳ ಕಪಾಟಿನ ಕೀಲಿ ಅವನ ಉಡದಾರಕ್ಕೆ ಬಂತು. ಆ ಕೀಲಿಯೇ ಜಾಬರನ ಮರ್ಯಾದೆ. ಕೀಲಿ ಇದ್ದವನು ಜಾಬರ್. ಇಲ್ಲದವನು ನಟ್ಟು ಬಿಗಿಯುವ ಪಾನಾ ಹಿಡಿದು ನಿಂತ ಯಾವನೋ ಒಬ್ಬ.

ಕಪಾಟಿನೊಳಗೆ ಮೊಳೆಗಳಿಗೆ ನೇತುಹಾಕಿದ ಹಲ್ಲಿನ ಗಾಲಿಗಳಿದ್ದವು. ಅಂಗೈಯಗಲದ ಬೀಡುಕಬ್ಬಿಣದ ಗಾಲಿಗಳು, ಒಂದೊಂದಕ್ಕೂ ಹಲ್ಲಿನ ಲೆಕ್ಕ ಬೇರೆ. ಯಾವ ಗಾಲಿ ಹಾಕುತ್ತೀರೋ ಅದರ ಮೇಲೆ ಬಟ್ಟೆ ಒತ್ತಾಗಿ ಬರುತ್ತದೋ ತೆಳ್ಳಗೆ ಬರುತ್ತದೋ ನಿರ್ಧಾರ. ಆ ಶೆಡ್ಡಿನಲ್ಲಿದ್ದದ್ದು ಅಜ್ಜನ ಕಾಲದ ವಿಲಾಯತಿ ಮಗ್ಗಗಳು. ಗಾಲಿ ಕಳೆದರೆ ಇನ್ನೊಂದು ಸಿಗುವಂತಿರಲಿಲ್ಲ. ಅದರಲ್ಲೂ ನಲವತ್ತಾರು ಹಲ್ಲಿನದು ಒಂದೇ ಒಂದು ಇತ್ತು. ಒಮ್ಮೆ ಅದರ ಒಂದು ಹಲ್ಲು ಮುರಿಯಿತು. "ಇನ್ನ ಗುಜರಿಗೆ ಹಾಕು" ಅಂದರು ಎಲ್ಲರೂ. ಬಸವಣ್ಣೆಪ್ಪ ಕೇಳಲಿಲ್ಲ. ಮುರಿದ ಜಾಗದಲ್ಲಿ ಎರಡು ತೂತು ಕೊರೆದು, ಹಿತ್ತಾಳೆಯ ಎರಡು ಗೂಟ ಬಡಿದು, ಮೂರು ದಿನ ಅರ ಹಾಕಿ ಹಾಕಿ ಹಲ್ಲಿನ ಆಕಾರ ತಂದ. ಕಪ್ಪು ಹಲ್ಲುಗಳ ನಡುವೆ ಒಂದು ಹಳದಿ ಹಲ್ಲು. ಆಗ ಅವನಿಗೆ ಹೊಸದಾಗಿ ಮದುವೆಯಾಗಿತ್ತು. ಹೆಂಡತಿಗಿಂತ ಹೆಚ್ಚು ಆ ಹಲ್ಲನ್ನೇ ನೋಡುತ್ತಿದ್ದ ಎಂದು ಇಂದುಬಾಯಿ ಇವತ್ತಿಗೂ ದೂರುತ್ತಾಳೆ.

ಎಂಬತ್ತೇಳನೇ ಇಸವಿಯ ದಸರೆ. ಹಿಂದಿನ ದಿನ ಖಂಡೇನವಮಿ, ಆಯುಧಪೂಜೆ. ಅವತ್ತು ಮಗ್ಗಗಳೆಲ್ಲ ಬಂದ್. ಪಾನಾ, ಅರ, ಸುತ್ತಿಗೆ ಎಲ್ಲಕ್ಕೂ ಕುಂಕುಮ. ಆ ಶೆಡ್ಡಿನ ಪದ್ಧತಿ ಏನೆಂದರೆ, ಜಾಬರನಾದವನು ಅವತ್ತು ಕಪಾಟಿನ ಕೀಲಿಯನ್ನು ಮಾಲಕರ ಮನೆಗೆ ಒಯ್ದು ದೇವರ ಮುಂದೆ ಇಡಬೇಕು, ಮರುದಿನ ಬನ್ನಿ ಕೊಟ್ಟು ತಿರುಗಿ ತರಬೇಕು. ಬಸವಣ್ಣೆಪ್ಪ ಮಿಂದು ಮಡಿಯುಟ್ಟು ಕೀಲಿ ಇಟ್ಟುಬಂದ, ಬನ್ನಿ ಕೊಟ್ಟು ತಿರುಗಿ ತಂದ. ಅದರ ಮಾರನೇ ದಿನ ಕಪಾಟು ತೆಗೆದರೆ ನಲವತ್ತಾರರ ಮೊಳೆ ಖಾಲಿ.

ಕೈಯಲ್ಲೊಂದು ದೊಡ್ಡ ಆರ್ಡರು ಇತ್ತು, ಅದು ಹೋಯಿತು. ಹಿರಿಯ ಮಾಲಕರು ಶೆಡ್ಡಿನ ನಡುವೆ ಕುರ್ಚಿ ಹಾಕಿ ಕುಳಿತರು. ಎಲ್ಲಾ ಕೆಲಸಗಾರರೂ ಸುತ್ತ ನಿಂತರು. ಅವರು ಕೇಳಿದ್ದು ಒಂದೇ ಪ್ರಶ್ನೆ: "ಕೀಲಿ ನಿನ್ನ ಕೈ ಬಿಟ್ಟ ಮತ್ತೊಬ್ಬರ ಕೈಗೆ ಹೋಗಿತ್ತೇನ?"

ಬುದ್ಧಿ ಇದ್ದವನಾಗಿದ್ದರೆ "ಹೌದ್ರಿ, ನಿಮ್ಮ ಮನ್ಯಾಗ ಒಂದ ರಾತ್ರಿ ಇತ್ತಲ್ರಿ" ಎನ್ನುತ್ತಿದ್ದ. ಬಸವಣ್ಣೆಪ್ಪ ಎದೆ ಉಬ್ಬಿಸಿ, ಕೊರಳಲ್ಲಿದ್ದ ಲಿಂಗವನ್ನು ಮುಟ್ಟಿ ಆಣೆ ಮಾಡಿದ: "ಯಾರ ಕೈಗೂ ಹೋಗಿಲ್ರಿ. ನನ್ನ ಹೊರತ ಆ ಕೀಲಿ ಯಾರೂ ಮುಟ್ಟಂಗಿಲ್ಲ."

ಅವನು ಸುಳ್ಳು ಹೇಳಲಿಲ್ಲ ನೋಡಿ. ದೇವರ ಮುಂದೆ ಇಟ್ಟ ಕೀಲಿ ಇನ್ನೊಬ್ಬರ ಕೈಗೆ ಹೋದಂತೆ ಹೇಗಾಗುತ್ತದೆ? ಅದು ದೇವಿಯ ಪಾದದಲ್ಲಿತ್ತು. ಪೂಜೆಗಿಟ್ಟ ಕೀಲಿಯನ್ನು ಎತ್ತುವ ಪಾಪಿ ಭೂಮಿಯ ಮೇಲೆ ಇದ್ದಾನೆಂಬ ಯೋಚನೆಯೇ ಆ ತಲೆಗೆ ಬರಲಿಲ್ಲ, ಮಾಲಕರ ತಲೆಗೂ ಬರಲಿಲ್ಲ. ತನ್ನ ಕೊರಳಿಗೆ ತಾನೇ ಹಗ್ಗ ಹಾಕಿಕೊಂಡು, ಗಂಟೂ ತಾನೇ ಬಿಗಿದುಕೊಂಡ. ಕೀಲಿ ಯಾರ ಕೈಗೂ ಹೋಗಿಲ್ಲ, ಗಾಲಿ ಮಾತ್ರ ಹೋಗಿದೆ. ಹಾಗಾದರೆ ಕಳ್ಳ ಯಾರು? ಇದಕ್ಕೇನು ದೊಡ್ಡ ವಕೀಲ ಬೇಕೇ? ಎದುರಿನ ಶೆಡ್ಡಿನಲ್ಲೂ ಅಂಥವೇ ಮಗ್ಗಗಳಿದ್ದವು. ಅವರಿಗೆ ಮಾರಿದ್ದಾನೆ ಅಂತ ತೀರ್ಮಾನವಾಯಿತು. ಕೀಲಿ ಕಿತ್ತುಕೊಂಡರು. ಸಂಜೆಯೊಳಗೆ ಊರು ಅವನಿಗೆ 'ಗಾಲಿಕಳ್ಳ' ಎಂದು ನಾಮಕರಣ ಮಾಡಿತ್ತು. ತೊಟ್ಟಿಲಿಲ್ಲ, ಗುಗ್ಗರಿ ಇಲ್ಲ, ಅಷ್ಟೇ ವ್ಯತ್ಯಾಸ.

ಇಪ್ಪತ್ತು ದಿನಕ್ಕೆ ದೀಪಾವಳಿ ಬಂತು. ಕೆಲಸವಿಲ್ಲದ ಬಸವಣ್ಣೆಪ್ಪ ಹೆಂಡತಿಗೆ ಒಂದು ಬಂಗಾರದ ಮೂಗುಬಟ್ಟು ತಂದುಕೊಟ್ಟ. ಎಲ್ಲಿಂದ ತಂದಿರಿ ಎಂದು ಇಂದುಬಾಯಿ ಕೇಳಲಿಲ್ಲ, ಅವನೂ ಹೇಳಲಿಲ್ಲ. ಮಾತಿನ ವಿಷಯದಲ್ಲಿ ಗಂಡ ಹೆಂಡತಿ ಇಬ್ಬರೂ ಜುಗ್ಗರು. ದೀಪಾವಳಿ ಮುಗಿಯುತ್ತಲೇ ಗಂಟುಮೂಟೆ ಕಟ್ಟಿ ಇಬ್ಬರೂ ದೂರದ ಇನ್ನೊಂದು ಮಗ್ಗದೂರು ಭಿವಂಡಿಗೆ ಹೋದರು. ಹನ್ನೊಂದು ವರ್ಷ ಅಲ್ಲಿದ್ದು, ಜನ ಮರೆತಿರಬಹುದು ಎಂದು ತಿರುಗಿ ಬಂದರು. ಜನ ಮರೆತಿರಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ಇಲ್ಲಿ ಹೋದದ್ದು ಬೀಡಿನ ಗಾಲಿಗೆ. ಅವನ ಕೈಗುಣ ಎಲ್ಲರಿಗೂ ಬೇಕಿತ್ತು, ಕೀಲಿ ಮಾತ್ರ ಯಾರೂ ಕೊಡಲಿಲ್ಲ. ಮಗ್ಗ ಕೆಟ್ಟಾಗ ಕರೆಸುವುದು, ದುರಸ್ತಿ ಮುಗಿಯುವ ತನಕ ಒಬ್ಬನನ್ನು ಪಕ್ಕದಲ್ಲಿ ಕಾವಲು ನಿಲ್ಲಿಸುವುದು. ಒಂದೆರಡು ಸಲ ಕಿಸೆಗೂ ಕೈ ಹಾಕಿ ನೋಡಿದರು. ಆಮೇಲೆ ಬಸವಣ್ಣೆಪ್ಪ ತಾನೇ ಒಂದು ರೂಢಿ ಮಾಡಿಕೊಂಡ: ಕೆಲಸ ಮುಗಿಸಿ ಹೊರಡುವಾಗ ಬಾಗಿಲಲ್ಲಿ ನಿಂತು ಚೀಲವನ್ನು ನೆಲಕ್ಕೆ ಸುರುವಿ, ಎಲ್ಲರಿಗೂ ಕಾಣುವಂತೆ ಒಂದೊಂದೇ ಸಾಮಾನು ತಿರುಗಿ ತುಂಬಿಕೊಳ್ಳುವುದು. ಈ ರೂಢಿ ಎಷ್ಟು ಗಟ್ಟಿಯಾಯಿತೆಂದರೆ, ಸ್ವಂತ ಮನೆಯಲ್ಲಿ ಮಿಕ್ಸರ್ ರಿಪೇರಿ ಮಾಡಿದರೂ ಅಡುಗೆಮನೆಯ ಹೊಸ್ತಿಲಲ್ಲಿ ಚೀಲ ಝಾಡಿಸಿಯೇ ಹೊರಗೆ ಬರುತ್ತಿದ್ದ. ನಗಬೇಡಿ. ನಾನು ಮೊದಲು ನಕ್ಕಿದ್ದೆ, ಆಮೇಲೆ ನಾಚಿಕೆಯಾಯಿತು.

ಕಣ್ಣಿನ ಚಾಳಿ ಶುರುವಾದದ್ದೂ ಆಗಲೇ. ಹೋದಲ್ಲೆಲ್ಲ ಅವನು ಆ ಗಾಲಿಯನ್ನು ಹುಡುಕುತ್ತಿದ್ದ. ಗುಜರಿ ಅಂಗಡಿ, ಕಬ್ಬಿನ ಹಾಲಿನ ಯಂತ್ರ, ಗಿರಣಿ, ಕೊನೆಗೆ ಸಿನಿಮಾದ ಪರದೆ. ಗಾಲಿ ಸಿಗಲಿಲ್ಲ, ಉಳಿದದ್ದೆಲ್ಲ ಸಿಕ್ಕಿತು.

ಈಗ ಇತ್ತೀಚಿನ ಮಾತಿಗೆ ಬರೋಣ. ಮಗ ಸ್ವಪ್ನಿಲನ ಹೆಂಡತಿ ರುತುಜಾ ಗಡಹಿಂಗ್ಲಜದ ಹುಡುಗಿ, ಚುರುಕು. ಮಾವ ಟಿವಿ ಮುಂದೆ ಕೂತು ಚಕ್ರವರ್ತಿಗಳ ಮಾನ ಕಳೆಯುವುದನ್ನು ಮೊಬೈಲಿನಲ್ಲಿ ಹಿಡಿದು, 'ಮಾಮಾಂಚಾ ಡೋಳಾ' ಎಂದು ಮರಾಠಿಯಲ್ಲಿ ಹೆಸರಿಟ್ಟು ಊರಿಗೆಲ್ಲ ಬಿಟ್ಟಳು. ಮಾವನ ಕಣ್ಣು ಅಂತ ಅರ್ಥ. ಇಂದುಬಾಯಿ ಚಪ್ಪಲಿ ಪೆಟ್ಟು ತಿಂದ ಅದೇ ಚಾಳಿಯನ್ನು ಜನ ಈಗ ಬಾಯಿ ಬಿಟ್ಟುಕೊಂಡು ನೋಡಿದರು, ಲಕ್ಷಗಟ್ಟಲೆ. ಕಾಲ ಬದಲಾಗಿದೆ ಎನ್ನುವುದು ಸುಳ್ಳಲ್ಲ. ಚಪ್ಪಲಿ ಎಸೆಯುವವರೆಲ್ಲ ಈಗ ಹೆಬ್ಬೆಟ್ಟು ಎತ್ತುತ್ತಾರೆ.

ಅದನ್ನು ಕೊಲ್ಹಾಪುರದ ಸುಮಿತ ಎಂಬ ಹೊಟೇಲ್ ಮಾಲಕ ನೋಡಿದ. ಮರಾಠಿಯಲ್ಲಿ ಮಾತು ಶುರು ಮಾಡಿ ಕನ್ನಡದಲ್ಲಿ ಮುಗಿಸುವ, ಮಧ್ಯೆ ಇಂಗ್ಲಿಷಿನ ಒಗ್ಗರಣೆ ಹಾಕುವ ಮನುಷ್ಯ. ಬಾಗಿಲು ಹಾಕಿದ ಒಂದು ಸಿನಿಮಾ ವೇಷದ ಅಂಗಡಿಯಿಂದ ಅವನು ಹಳೇ ಟ್ರಂಕುಗಳನ್ನು ತೂಕಕ್ಕೆ ಕೊಂಡುತಂದು, ಹೊಟೇಲಿನ ಪಡಸಾಲೆಯಲ್ಲಿ ಗಾಜಿನ ಪೆಟ್ಟಿಗೆ ಮಾಡಿಸಿ, ಅದಕ್ಕೆ 'ಚಿತ್ರವೈಭವ' ಎಂದು ಹೆಸರು ಕೊಟ್ಟಿದ್ದ. ಮಟನ್ ತಾಟಿಗೆ ಕಾದು ಕುಳಿತವರು ಬೇಸರಪಡಬಾರದಲ್ಲ, ಅದಕ್ಕೆ. ನಡುವಿನ ದೊಡ್ಡ ಪೆಟ್ಟಿಗೆಯಲ್ಲಿ ಒಬ್ಬ ಚಕ್ರವರ್ತಿಯ ಪೂರಾ ವೇಷ. ಗಡಹಿಂಗ್ಲಜದ ಕಡೆಯ ಗುಡ್ಡದ ಕೋಟೆಯಲ್ಲಿ ಎಂಬತ್ತೇಳರ ಸುಮಾರಿಗೆ ತೆಗೆದ ಚಿತ್ರವದು. ಹೆಸರು ಹೇಳಿದರೂ ನಿಮಗೆ ಗೊತ್ತಾಗಲಿಕ್ಕಿಲ್ಲ. ಮೂರು ದಿನ ಓಡಿತು, ನಾಲ್ಕನೇ ದಿನ ನಿರ್ಮಾಪಕ ಓಡಿದ. ಬಸವಣ್ಣೆಪ್ಪ ಆಗ ಭಿವಂಡಿಯಲ್ಲಿದ್ದ. ಅದೊಂದನ್ನು ಅವನು ನೋಡಿರಲಿಲ್ಲ.

ಸುಮಿತ ಫೋನು ಮಾಡಿದ. "ಕಾಕಾ, ಉದ್ಘಾಟನಾಕ್ಕ ಬರ್ರಿ. ಲೈವ್‌ನ್ಯಾಗ ಎಲ್ಲಾ ಪಾರ್ಟ್ ಗುರುತ ಹಿಡೀರಿ, ಮಂದಿ ನಗಲಿ. ಆದ್ರ ಎದಿ ಮ್ಯಾಲಿನ ಸೂರ್ಯ ಮಾತ್ರ ಖರೇ ಅರಮನಿ ಸಾಮಾನ ಐತಿ. ಅದರ ಮುಂದ ಸ್ವಲ್ಪ ಛಲೋ ಮಾತಾಡ್ರಿ."

"ಖರೇ ಇದ್ರ ಖರೇ ಅಂತೇನಿ" ಎಂದ ಬಸವಣ್ಣೆಪ್ಪ.

ಹೊರಟ ದಿನ ಇಂದುಬಾಯಿ ಇರಕಲ್ ಸೀರೆ ಉಟ್ಟಳು, ಮೂಗುಬಟ್ಟನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ಹೊಳೆಸಿದಳು. ಸಿನಿಮಾ ಇಲ್ಲ, ಬರೀ ಬಟ್ಟೆ ಎಂದು ರುತುಜಾ ಆಣೆ ಮಾಡಿದ ಮೇಲೆಯೇ ಗಂಡನ ಜೊತೆ ಬರಲು ಒಪ್ಪಿದ್ದು. ಬಸವಣ್ಣೆಪ್ಪ ಹೆಗಲಿಗೆ ಚೀಲ ಹಾಕಿಕೊಂಡ. "ಅಲ್ಲೇನ ಮಗ್ಗಾ ಐತೇನ್ರಿ?" ಎಂದಳು ಇಂದುಬಾಯಿ. ಪಾನಾ ಇಲ್ಲದೆ ಹೊರಟರೆ ಅವನಿಗೆ ಧೋತರ ಮರೆತು ಹೊರಟಂತಾಗುತ್ತಿತ್ತು.

ಪಡಸಾಲೆ ತುಂಬ ಜನ. ರುತುಜಾ ಮೊಬೈಲು ಎತ್ತಿ ಹಿಡಿದಳು, ಬಸವಣ್ಣೆಪ್ಪ ಕನ್ನಡಕ ಒರೆಸಿ ಗಾಜಿನ ಪೆಟ್ಟಿಗೆಗೆ ಮುಖ ಹಚ್ಚಿದ. ಆಮೇಲೆ ನಡೆದದ್ದನ್ನು ಚಕ್ರವರ್ತಿಯ ವಸ್ತ್ರಾಪಹರಣ ಅನ್ನಬೇಕು.

"ತಲಿಮ್ಯಾಲಿನ ಮಾಣಿಕ ಸೈಕಲ್ಲಿನ ಹಿಂದಿನ ರಿಫ್ಲೆಕ್ಟರ್. ಭುಜದ ಮ್ಯಾಲಿಂದು ಹಾಲಿನ ಕ್ಯಾನಿನ ಮುಚ್ಚಳ, ನಡುವ ಕೊಯ್ದು ಎರಡ ಮಾಡ್ಯಾರ. ಡೇರಿ ನಂಬರ ಇನ್ನೂ ಐತಿ ನೋಡ್ರಿ. ಇದು ಉಕ್ಕಿನ ಕವಚ ಅಲ್ರೀ, ಸುತಳಿ ಹಗ್ಗಾ ಹೆಣದು ಬೆಳ್ಳಿಬಣ್ಣಾ ಹೊಡದಾರ. ಕತ್ತಿ ಹಿಡಿಕಿ ಲೂನಾ ಗಾಡಿ ಎಕ್ಸಲೇಟರು. ಪಾಪ, ಮಹಾರಾಜರು ಯುದ್ಧಕ್ಕ ಪೆಟ್ರೋಲ್ ಹಾಕ್ಸಿಕೊಂಡ ಹೋಗಿರಬೇಕು."

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಸುಮಿತನೂ ನಕ್ಕ, ಆದರೆ ಡೇರಿ ನಂಬರಿನ ಹತ್ತಿರ ಅವನ ನಗೆ ಸ್ವಲ್ಪ ಕುಂಟಿತು. "ಕಾಕಾ, ಈಗ ಸೂರ್ಯ! ಮುನ್ನೂರು ವರ್ಷದ ಹಿಂದಿಂದು!" ಎಂದು ಅವನು ಬಂಗಾರದಕ್ಷರದ ಫಲಕ ತೋರಿಸಿದ. 'ಮೂಲ ಅರಮನೆ ಆಭರಣ. ಅಪೂರ್ವ.'

ಚಕ್ರವರ್ತಿಯ ಎದೆಯ ನಡುವೆ ಬಂಗಾರದ ಬಣ್ಣ ಬಳಿದ ಒಂದು ಸೂರ್ಯ, ಸುತ್ತಲೂ ಸಣ್ಣ ಸಣ್ಣ ಕಿರಣ. ಬಸವಣ್ಣೆಪ್ಪ ಬೆರಳನ್ನು ಗಾಜಿನ ಮೇಲೆ ಸರಿಸುತ್ತ ಕಿರಣ ಎಣಿಸತೊಡಗಿದ. ಎಣಿಸುತ್ತ ಎಣಿಸುತ್ತ ಬೆರಳು ಒಂದು ಕಡೆ ನಿಂತಿತು. ಅಲ್ಲಿ ಬಣ್ಣ ಕಿತ್ತುಹೋಗಿತ್ತು. ಉಳಿದೆಡೆ ಬಣ್ಣ ಕಿತ್ತಲ್ಲಿ ಕಪ್ಪು ಕಾಣುತ್ತಿತ್ತು, ಇಲ್ಲಿ ಮಾತ್ರ ಹಳದಿ. ಎರಡು ಗೂಟದ ತಲೆ, ಮೂರು ದಿನದ ಅರದ ಗೀರು. ಮೂವತ್ತೇಳು ವರ್ಷ ಗುಜರಿ ಗುಜರಿ ಅಲೆದು ಹುಡುಕಿದ್ದು ಇಲ್ಲಿ ರಾಜನ ಎದೆ ಏರಿ ಕುಳಿತಿತ್ತು. ಅವನಿಗೆ ಸಿಟ್ಟು ಬರಲಿಲ್ಲ, ಸಂತೋಷವೂ ಆಗಲಿಲ್ಲ. ಬೆರಳು ಎತ್ತದೆ ಉಳಿದ ಕಿರಣಗಳನ್ನೂ ಎಣಿಸಿ ಮುಗಿಸಿದ. ನಲವತ್ತಾರು.

"ನೋಡ್ರಿ! ಎಕ್ಸ್‌ಪರ್ಟ್ ಕಾಕಾನ ಬಾಯೇ ಕಟ್ಟಿ ಹೋತು!" ಎಂದು ಸುಮಿತ ಚಪ್ಪಾಳೆ ಹೊಡೆಸಿದ. "ಈಗ ಮುಖ್ಯ ಪಾಹುಣೆ, ನಮ್ಮ ಚೀಫ್ ಗೆಸ್ಟ್, ಈ ಚಿತ್ರದಾಗ ಸ್ವತಃ ಪಾತ್ರ ಮಾಡಿದವರು, ಇಚಲಕರಂಜಿಯ ಹಾಲಸಿದ್ದ ಮಾಲಕರು!"

ಈ ಹಾಲಸಿದ್ದ ಯಾರೆಂದರೆ, ಬಸವಣ್ಣೆಪ್ಪನ ಕೀಲಿ ಕಿತ್ತುಕೊಂಡ ಆ ಹಿರಿಯ ಮಾಲಕರ ಮಗ. ಆಗ ಚಿಕ್ಕ ಮಾಲಕ. ಈಗ ಎಪ್ಪತ್ತಮೂರು ವರ್ಷದ ಸಮಾಜಸೇವಕ. ಸಮಾಜಕ್ಕೆ ಏನು ಸೇವೆ ಮಾಡಿದನೆಂದು ಸಮಾಜಕ್ಕೂ ಗೊತ್ತಿರಲಿಲ್ಲ. ಆದರೆ ಶಾಲು ಹೊದಿಸಿಕೊಳ್ಳುವುದರಲ್ಲಿ ಆತ ಎಂದೂ ಹಿಂದೆ ಬಿದ್ದವನಲ್ಲ. ಮೈಕು ಸಿಕ್ಕಿತೋ ಇಲ್ಲವೋ, ಮುದುಕನಿಗೆ ಪ್ರಾಯ ಬಂತು.

"ಸುಮಿತ, ಆ ಬೋರ್ಡ ಬದ್ಲ ಮಾಡಪಾ! ಅರಮನಿ ಅಂತ, ಅರಮನಿ! ಆ ಸೂರ್ಯ ನಮ್ಮ ಶೆಡ್ಡಿಂದು!" ಜನ ಹೋ ಎಂದರು. ಅವನಿಗೆ ಇನ್ನಷ್ಟು ಹುರುಪು. "ಶೂಟಿಂಗಿನವರು ಎದಿಗೆ ಹಚ್ಚಾಕ ಏನರೆ ಸೂರ್ಯನಂಥಾದ್ದು ಹುಡುಕಾಕತ್ತಿದ್ರು. ನಾ ಹೇಳಿದ್ನಿ, ಸೂರ್ಯನ್ನ ನಾ ತರತೇನಿ, ನನಗ ಮಂತ್ರಿ ಪಾರ್ಟ್ ಕೊಡ್ರಿ ಅಂತ. ಖಂಡೇನವಮಿ ದಿನಾ ಜಾಬರ್ ಕೀಲಿ ಪೂಜಾಕ್ಕ ಇಟ್ಟಿದ್ದ. ಮನೀ ಮಂದೆಲ್ಲಾ ಊಟಕ್ಕ ಕುಂತಾಗ ದೇವರ ಮುಂದಿನ ಕೀಲಿ ಎತ್ತಿದ್ನಿ, ಗಾಲಿ ಧೋತರದಾಗ ಸುತ್ತಿದ್ನಿ, ಕೀಲಿ ಹೊಳ್ಳಿ ಅಲ್ಲೇ ಇಟ್ನಿ. ಅವ್ವಾದೇವಿಗೂ ಪತ್ತೆ ಆಗ್ಲಿಲ್ಲ!"

ಜನ ಶಿಳ್ಳೆ ಹಾಕಿದರು.

"ನಮ್ಮ ಅಪ್ಪಾಗ ಗೊತ್ತಾಗಿದ್ರ ಚರ್ಮಾ ಸುಲೀತಿದ್ದ. ಪುಣ್ಯಾಕ್ಕ ಒಬ್ಬ ಹುಚ್ಚ ಜಾಬರ್ ಇದ್ದ. ಕೀಲಿ ಯಾರ ಕೈಗೂ ಹೋಗಿಲ್ಲ ಅಂತ ತಾನ ಆಣಿ ಮಾಡಿಬಿಟ್ಟ! ಅವನ ಮ್ಯಾಲ ಹೋತು, ನಾ ಪಾರಾದ್ನಿ." ಅವನು ತೊಡೆ ತಟ್ಟಿಕೊಂಡು ನಕ್ಕ. "ಮಂತ್ರಿ ಅಂದಾವ್ರು ಕಡೀಕ ಚೌರಿ ಬೀಸಾಕ ನಿಲ್ಲಿಸಿದ್ರು ಬಿಡ್ರಿ. ಸಿನಿಮಾದಾಗ ನನ್ನ ಮೊಣಕೈ ಅಷ್ಟ ಬಂದೈತಿ."

ಕೇಳಿದಿರಾ? ಒಂದು ಮೊಣಕೈ. ಮೂರು ದಿನ ಓಡಿದ ಚಿತ್ರದಲ್ಲಿ ಮೂರು ಚಿಟಿಕೆಯ ಹೊತ್ತು ಒಂದು ಮೊಣಕೈ ಕಾಣಿಸುವುದಕ್ಕೋಸ್ಕರ ಒಬ್ಬನ ಹೆಸರು ಹೋಯಿತು, ಕೀಲಿ ಹೋಯಿತು, ಹನ್ನೊಂದು ವರ್ಷ ಊರು ತಪ್ಪಿತು. ಮಾಡಿದವನು ಅದನ್ನು ಮುಚ್ಚಿಡಲೂ ಇಲ್ಲ. ಮುಚ್ಚಿಡಬೇಕಾದ ಸಂಗತಿ ಅನ್ನಿಸಿದರೆ ತಾನೇ! ಅವನಿಗೆ ಅದೊಂದು ನಗೆಹನಿ. ಚಕ್ಕುಲಿ ತಿನ್ನುತ್ತಿದ್ದ ಇಂದುಬಾಯಿ ಅಗಿಯುವುದನ್ನು ನಿಲ್ಲಿಸಿ ಗಂಡನ ಕಡೆ ನೋಡಿದಳು. ಆಕೆಯ ಮುಖ ಬಿಳಿಚಿಕೊಂಡಿತ್ತು.

ಬಸವಣ್ಣೆಪ್ಪ ಮೆಲ್ಲಗೆ ಮೈಕಿನ ಹತ್ತಿರ ಹೋದ. "ಮಾಲಕ್ರ, ನನ್ನ ಗುರುತ ಹಿಡದ್ರೇನ?"

"ಯಾರಪಾ ನೀ?"

"ಆ ಹುಚ್ಚ ಜಾಬರ್ರಿ. ಬಸವಣ್ಣೆಪ್ಪ."

ಜನ ಇದೂ ಕಾರ್ಯಕ್ರಮದ ಭಾಗವೆಂದುಕೊಂಡು ಜೋರಾಗಿ ನಕ್ಕರು. ಹಾಲಸಿದ್ದ ನಗಲಿಲ್ಲ. ಒಮ್ಮೆ ಬಸವಣ್ಣೆಪ್ಪನನ್ನೂ ಒಮ್ಮೆ ರುತುಜಾಳ ಮೊಬೈಲನ್ನೂ ನೋಡಿದ. "ಹಾಂ… ಅಂದ್ರ… ಹಳೇ ಮಾತು ಅದು. ಏನೋ ಗಮ್ಮತ್ತಿಗೆ ಹೇಳಿದ್ನಿ. ಅದಾ ಗಾಲಿ ಅಂತ ಏನ ಗ್ಯಾರಂಟಿ?"

"ನಂಬರ ಹೊಡದ ಕಡಿಂದ ಎಣಸ್ರಿ. ಹನ್ನೊಂದನೇ ಹಲ್ಲ ಬೀಡಿಂದಲ್ಲ, ಹಿತ್ತಾಳಿದು. ಎರಡ ಗೂಟ ಅದಾವ. ನಾ ಬಡದದ್ದು."

ಸುಮಿತ ಪೆಟ್ಟಿಗೆಯ ಬಾಗಿಲು ತೆಗೆದು ಉಗುರಿನಿಂದ ಗೀರಿದ. ಹಿತ್ತಾಳೆ ಹೊಳೆಯಿತು. ಸೂರ್ಯನ ಹಿಂದೆ ಅಚ್ಚೊತ್ತಿದ ನಲವತ್ತಾರು ಕೂಡ ಸಿಕ್ಕಿತು. ಮುನ್ನೂರು ವರ್ಷದ ಆಭರಣ ಕಣ್ಣೆದುರೇ ಮಗ್ಗದ ಗಾಲಿಯಾದದ್ದಕ್ಕೆ ಅವನು ಅಳುತ್ತಾನೇನೋ ಅಂದುಕೊಂಡರೆ, "ಅರೇ ವಾ! ಇದು ಇನ್ನೂ ಭಾರೀ ಸ್ಟೋರಿ!" ಎಂದು ಕುಣಿದ. ವ್ಯಾಪಾರಿಯ ಮಗ. ಅಷ್ಟರಲ್ಲೇ ಹೊಸ ಫಲಕಕ್ಕೆ ಹೇಳಿ ಕಳಿಸಿದ: 'ಮೂಲ ಮಗ್ಗದ ಗಾಲಿ. ಹಾಲಸಿದ್ದ ಮಾಲಕರ ಕೊಡುಗೆ.' ಕದ್ದದ್ದು ಕೊಡುಗೆಯಾಗುವುದಕ್ಕೆ ಇಷ್ಟೇ ಹೊತ್ತು ಸಾಕು.

ಬಸವಣ್ಣೆಪ್ಪನಿಗೆ ಬೇಕಾದದ್ದು ಫಲಕವಲ್ಲ. "ಮಾಲಕ್ರ, ನನಗೇನೂ ಬ್ಯಾಡ. ಇಷ್ಟ ಮಂದಿ ಮುಂದ ಒಂದ ಮಾತ ಹೇಳ್ರಿ. ಬಸವಣ್ಣೆಪ್ಪ ಕದ್ದಿಲ್ಲ ಅಂತ."

ಹಾಲಸಿದ್ದ ಶಾಲು ಸರಿಮಾಡಿಕೊಂಡ. "ಅದರಾಗೇನೈತಪಾ. ಕದ್ದಿಲ್ಲ, ಕದ್ದಿಲ್ಲ. ನೀ ಕದ್ದಿಲ್ಲ, ಆತಿಲ್ಲೋ? ಬಾ, ಚಹಾ ಕುಡಿ."

ಹಟ ಹಿಡಿದ ಕೂಸಿಗೆ ಪೆಪ್ಪರಮೆಂಟು ಕೊಟ್ಟ ಹಾಗೆ ಕೊಟ್ಟ. ಮೂವತ್ತೇಳು ವರ್ಷ ಕಾದದ್ದು ಒಂದು ಉಸಿರಿನಲ್ಲಿ ಮುಗಿದುಹೋಯಿತು. ಆದರೂ ಬಸವಣ್ಣೆಪ್ಪ ಕೈ ಮುಗಿದ. ನನಗೆ ಅದೇ ಸಿಟ್ಟು. ಆ ಮೈಕು ಎತ್ತಿ ಮುದುಕನ ತಲೆಗೆ ಹಾಕಬೇಕಿತ್ತು, ಇವನು ಕೈ ಮುಗಿದ! ಚಹಾ ಮಾತ್ರ ಕುಡಿಯಲಿಲ್ಲ, ಅಷ್ಟು ಪೌರುಷ ತೋರಿಸಿದ.

ಹೊರಗೆ ಹೊರಡುವಾಗ ಹೊಟೇಲಿನ ಬಾಗಿಲಲ್ಲಿ ಅವನ ಕೈ ತಾನಾಗಿ ಚೀಲದ ಬಾಯಿಗೆ ಹೋಯಿತು. ನಿಂತ. ಯೋಚಿಸಿದ. ಇವತ್ತು ಚೀಲ ಸುರುವುವುದಿಲ್ಲ ಎಂದು ನಿರ್ಧಾರ ಮಾಡಿ, ಚೀಲವನ್ನು ಹೆಗಲಿಗೇರಿಸಿ, ಭಿವಂಡಿಯಿಂದ ಬಂದಮೇಲೆ ಮೊದಲ ಸಲ ಸೀದಾ ನಡೆದ. ನಾಲ್ಕು ಹೆಜ್ಜೆ ಹೋಗಿರಲಿಕ್ಕಿಲ್ಲ.

"ಓ ಬಾಬಾ, ಪಿಶವೀ ದಾಖವಾ!" ಬಾಗಿಲ ಕಾವಲುಗಾರ ಚೀಲ ತೋರಿಸು ಎಂದು ಅಡ್ಡ ಬಂದ.

ಬಸವಣ್ಣೆಪ್ಪ ಸುಮ್ಮನೆ ಚೀಲ ಇಳಿಸುತ್ತಿದ್ದ. ಇಂದುಬಾಯಿ ಬಿಡಬೇಕಲ್ಲ. ನಡುವೆ ನುಗ್ಗಿ, ಮರಾಠಿ ಅರ್ಧ ಕನ್ನಡ ಅರ್ಧ, ಆ ಕಾವಲುಗಾರನ ಏಳು ತಲೆಮಾರನ್ನು ಅಲ್ಲೇ ಸಾಲಾಗಿ ನಿಲ್ಲಿಸಿದಳು. "ಒಳಗ ಶಾಲ ಹೊತ್ತಕೊಂಡ ಕುಂತಾನ ನೋಡ ಕಳ್ಳ, ಹೋಗ, ಅವನ ಧೋತರಾ ಝಾಡಿಸ ಹೋಗ!" ಕಾವಲುಗಾರ ತನ್ನ ಟೋಪಿ ತಾನೇ ತೆಗೆದು ದಾರಿ ಬಿಟ್ಟ.

ಕೊರೋಚಿಯ ಬಸ್ಸಿನಲ್ಲಿ ರುತುಜಾ ಮುಂದೆ ಕೂತು ಮೊಬೈಲಿನಲ್ಲಿ ಮುಳುಗಿದಳು. ಗಂಡ ಹೆಂಡತಿ ಹಿಂದಿನ ಸೀಟಿನಲ್ಲಿ. ಬಸವಣ್ಣೆಪ್ಪನಿಗೆ ಈಗ ನಿಧಾನವಾಗಿ ಸುಖ ಏರತೊಡಗಿತು. ಊರಿಗೆಲ್ಲ ಗೊತ್ತಾಯಿತು, ಲೈವ್‌ನಲ್ಲಿ ಗೊತ್ತಾಯಿತು. ಹೆಂಡತಿ ಏನಾದರೂ ಅನ್ನಲಿ ಎಂದು ಕಾದ. ಆಕೆ ಕಿಟಕಿಯ ಹೊರಗೆ ಕಬ್ಬಿನ ಗದ್ದೆ ನೋಡುತ್ತಿದ್ದಳು. ಮುಖ ಇನ್ನೂ ಹಾಗೇ ಇತ್ತು.

"ಯಾಕ, ನಿನಗ ಖುಷಿ ಆಗ್ಲಿಲ್ಲೇನ?"

"ಮತ್ತ ಇದು?" ಆಕೆ ಮೂಗುಬಟ್ಟು ಮುಟ್ಟಿದಳು. "ಇದು ಎಲ್ಲಿಂದ ಬಂತು?"

"ಅದಾ? ಗಾಲಿ ಹೋಗೂಕಿಂತ ಮೊದ್ಲ ಆರ ತಿಂಗಳ ಓವರಟೈಮ್ ಮಾಡಿದ ರೊಕ್ಕಾ ಸರಾಫನ ಹಂತ್ಯಾಕ ಇಟ್ಟಿದ್ನಿ. ಯಾಕ?"

ಇಂದುಬಾಯಿ ಮೂಗುಬಟ್ಟನ್ನು ತಿರುವುತ್ತಲೇ ಇದ್ದಳು. "ನಾ ಅನ್ಕೊಂಡಿದ್ನಿ, ಗಾಲಿ ಎದುರಿನ ಶೆಡ್ಡಿಗೆ ಮಾರಿ ತಂದೀರಿ ಅಂತ."

ಬಸವಣ್ಣೆಪ್ಪನದು ಪರದೆಯ ಮೇಲಿನ ದೇವರ ಕೈಯಲ್ಲಿ ಫ್ಯಾನಿನ ಜಾಳಿಗೆ ಗುರುತು ಹಿಡಿದ ಕಣ್ಣು. ಪಕ್ಕದಲ್ಲೇ ಮೂವತ್ತೇಳು ವರ್ಷ ಮಲಗಿ ಎದ್ದವಳ ಮನಸ್ಸಿನಲ್ಲಿ ಏನಿದೆ ಎಂದು ಅದಕ್ಕೆ ಕಂಡಿರಲಿಲ್ಲ. ಊರು ಕಳ್ಳ ಅಂದದ್ದನ್ನು ಅವನು ಹೇಗೋ ನುಂಗಿದ್ದ. ಮನೆಯಲ್ಲಿ ಒಬ್ಬಳಾದರೂ ನಂಬಿದ್ದಾಳೆ ಎಂಬ ಧೈರ್ಯದ ಮೇಲೆ ನುಂಗಿದ್ದ.

ಬಸ್ಸು ಹಾತಕಣಂಗಲೆ ದಾಟುವಾಗ ಅವನು ಹೆಂಡತಿಯ ಕಡೆ ತಿರುಗಿದ. "ಕಳ್ಳ ಅಂತ ತಿಳಕೊಂಡೂ ನನ್ನ ಬೆನ್ನಹಿಂದ ಭಿವಂಡಿಗೆ ಯಾಕ ಬಂದಿ?"

"ಕಳ್ಳ ಅಂತಾನ ಬಂದ್ನಿ." ಇಂದುಬಾಯಿ ಕಣ್ಣೊರೆಸಿಕೊಂಡಳು. "ನನ್ನ ಸಲುವಾಗಿ ಒಬ್ಬ ಮನಿಶಾ ಕಳ್ಳತನಾ ಮಾಡ್ಯಾನ ಅಂತ ಇಷ್ಟ ವರ್ಷ ಮೂಗ ಏರಿಸಿ ತಿರುಗೇನಿ. ಓವರಟೈಮ್ ಮಾಡಾವ್ರು ಊರ ತುಂಬ ಇದ್ರು."